ಹೊಲದ ದುಡಿಮೆಯೋ, ಜಿಮ್ಮಿನ ಕಬ್ಬಿಣವೋ? ಕೆಲಸಕ್ಕೆ ಒದಗುವ ಬಲಕ್ಕೆ ಯಾವ ದಾರಿ

ಜಿಮ್ಮಿನಲ್ಲಿ ಎರಡೂ ತುದಿಗೆ ತೂಕದ ಬಿಲ್ಲೆ ಸಿಕ್ಕಿಸಿದ ಸರಳನ್ನು, ಅಂದರೆ ನೂರು ಕೆ.ಜಿ.ಯ ಬಾರ್‌ಬೆಲ್ಲನ್ನು ಸಲೀಸಾಗಿ ನೆಲದಿಂದ ಎತ್ತುವವರು ಐವತ್ತು ಕೆ.ಜಿ.ಯ ಮೂಟೆಯನ್ನು ಹೆಗಲಿಗೇರಿಸಲು ಪರದಾಡುವುದುಂಟು. ದಿನವಿಡೀ ಗುದ್ದಲಿ ಹಿಡಿದು ದುಡಿಯುವವರು ಅದೇ ಬಾರ್‌ಬೆಲ್ಲಿನ ಮುಂದೆ ಎಪ್ಪತ್ತು ಕೆ.ಜಿ.ಗೇ ಕೈಚೆಲ್ಲುವುದೂ ಉಂಟು. ಇದನ್ನೇ ಹಿಡಿದು ಕೆಲವರು ಜಿಮ್ಮಿನ ಬಲ ಬರೀ ತೋರಿಕೆಯದು ಎನ್ನುತ್ತಾರೆ. ಇನ್ನು ಕೆಲವರು ದುಡಿಮೆಯಿಂದ ಮೈ ಸವೆಯುತ್ತದೆಯೇ ಹೊರತು ಬೆಳೆಯುವುದಿಲ್ಲ ಎನ್ನುತ್ತಾರೆ. ನನಗೆ ಎರಡೂ ಅರೆಸತ್ಯವಾಗಿ ಕಾಣುತ್ತವೆ. ದೇಹ ಎಷ್ಟು ಭಾರವನ್ನು, ಯಾವ ಭಂಗಿಯಲ್ಲಿ, ಎಷ್ಟು ಹೊತ್ತು ಎದುರಿಸುತ್ತದೆಯೋ ಅದಕ್ಕೇ ಒಗ್ಗುತ್ತದೆ. ಬಾರ್‌ಬೆಲ್ ಎತ್ತಿದವರು ಬಾರ್‌ಬೆಲ್ ಎತ್ತುವುದರಲ್ಲಿ ಪಳಗುತ್ತಾರೆ, ಅಗೆದವರು ಅಗೆಯುವುದರಲ್ಲಿ.

ಹಾಗಾದರೆ ದಿನನಿತ್ಯದ ಕೆಲಸಕ್ಕೆ ಒದಗುವ ಬಲ ಬೇಕೆನ್ನುವವರು ಯಾವುದನ್ನು ಆರಿಸಿಕೊಳ್ಳಬೇಕು? ಇಲ್ಲಿ ಮುಖ್ಯವಾಗಿ ಮೂರು ದಾರಿಗಳನ್ನು ಹೋಲಿಸುತ್ತಿದ್ದೇನೆ: ಮಣ್ಣಿನಲ್ಲಿ ನಿಜವಾಗಿ ದುಡಿಯುವುದು, ಜಿಮ್ಮಿನಲ್ಲಿ ಬಾರ್‌ಬೆಲ್ ಎತ್ತುವುದು, ಮತ್ತು ಮರಳು ಚೀಲ, ಬಕೆಟ್, ಕಲ್ಲು ಇಟ್ಟುಕೊಂಡು ಹೊಲದ ಕೆಲಸದ ಚಲನೆಗಳನ್ನೇ ಲೆಕ್ಕವಿಟ್ಟು ಅಭ್ಯಾಸ ಮಾಡುವುದು. ನನ್ನ ಒಲವು ಮೂರನೆಯದರ ಕಡೆಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲರಿಗೂ ಅದೇ ಸರಿ ಎನ್ನಲಾರೆ. ನಿಮ್ಮ ದಿನದ ಬಹುಭಾಗ ಕುರ್ಚಿಯಲ್ಲಿ ಕಳೆಯುತ್ತದೆಯೋ, ಮೈ ಬಗ್ಗಿಸಿ ದುಡಿಯುವುದರಲ್ಲಿ ಕಳೆಯುತ್ತದೆಯೋ ಎಂಬುದರ ಮೇಲೆ ಉತ್ತರ ನಿಂತಿದೆ. ಕುಳಿತು ದಣಿದವರಿಗೆ ಬೇಕಾದದ್ದು ಬೇರೆ, ದುಡಿದು ದಣಿದವರಿಗೆ ಬೇಕಾದದ್ದು ಬೇರೆ.

ಮಣ್ಣಿನ ಕೆಲಸ ಏನು ಕೊಡುತ್ತದೆ

ಅಗೆತವನ್ನೇ ತೆಗೆದುಕೊಳ್ಳಿ. ಗುದ್ದಲಿ ಮೇಲೇಳುವಾಗ ಹೆಗಲು ಮತ್ತು ಬೆನ್ನಿನ ಮೇಲ್ಭಾಗ ದುಡಿಯುತ್ತವೆ. ಕೆಳಗಿಳಿಯುವಾಗ ಹೊಟ್ಟೆಯ ಸ್ನಾಯುಗಳು ಏಟಿಗೆ ಬಿರುಸು ಕೊಡುತ್ತವೆ. ಅಲಗು ಮಣ್ಣನ್ನು ಕಚ್ಚಿದ ಮೇಲೆ ಕಾವನ್ನು ತಮ್ಮತ್ತ ಎಳೆದುಕೊಳ್ಳುವಾಗ ಅಂಗೈಯಿಂದ ಮುಂಗೈ, ಬೆನ್ನು, ಸೊಂಟ, ತೊಡೆಯ ಹಿಂಭಾಗದವರೆಗೆ ಎಲ್ಲವೂ ಒಟ್ಟಿಗೆ ಬಿಗಿಯುತ್ತವೆ. ಮಣ್ಣು ಒಂದೇ ಹದದಲ್ಲಿ ಇರುವುದಿಲ್ಲ. ಒಂದು ಏಟಿಗೆ ಸಡಿಲ, ಮುಂದಿನದಕ್ಕೆ ಬೇರು, ಅದರ ಮುಂದಿನದಕ್ಕೆ ಕಲ್ಲು. ಕಾಲ ಕೆಳಗಿನ ನೆಲವೂ ಏರುಪೇರು. ಪ್ರತಿ ಏಟಿಗೂ ಮೈ ತನ್ನನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು, ಅದೂ ಗಂಟೆಗಟ್ಟಲೆ. ಸಮತಟ್ಟಾದ ನೆಲದ ಮೇಲೆ, ಸಮತೂಕದ ಕಬ್ಬಿಣದಿಂದ ಈ ಪಳಗುವಿಕೆ ಸಿಗುವುದಿಲ್ಲ.

ಹಿಡಿತದ ವಿಷಯದಲ್ಲಂತೂ ದುಡಿಮೆಗೆ ಸಾಟಿಯಿಲ್ಲ. ಕಾವು, ಹಗ್ಗ, ಬಕೆಟ್ಟಿನ ಹಿಡಿ, ಸೌದೆಯ ತುಂಡು, ಮೂಟೆಯ ಕಿವಿ ಎಂದು ದಪ್ಪ, ಆಕಾರ, ನುಣುಪು ಬೇರೆ ಬೇರೆಯಾದ ವಸ್ತುಗಳನ್ನು ಮುಷ್ಟಿ ದಿನವೂ ಎದುರಿಸುತ್ತದೆ. ಹಿಡಿತವೆಂದರೆ ಬರೀ ಬೆರಳುಗಳ ಮಾತಲ್ಲ. 17 ದೇಶಗಳ ಸುಮಾರು 1.4 ಲಕ್ಷ ವಯಸ್ಕರನ್ನು ಒಳಗೊಂಡ, 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಡಿತದ ಬಲ 5 ಕೆ.ಜಿ. ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಾಗಿ ಕಂಡುಬಂದಿತ್ತು. ಇದರಿಂದ ಮುಷ್ಟಿಯನ್ನು ಗಟ್ಟಿ ಮಾಡಿಕೊಂಡರೆ ಸಾಕು, ಆಯುಷ್ಯ ಹೆಚ್ಚುತ್ತದೆ ಎಂದು ತಿಳಿಯಬಾರದು. ಇಡೀ ಮೈಯ ಸ್ಥಿತಿಗೆ ಹಿಡಿತ ಒಂದು ಸೂಚಿ, ಅಷ್ಟೇ.

ಭಾರದ ಲೆಕ್ಕಕ್ಕೆ ಬಂದಾಗ ದುಡಿಮೆಯ ಮಿತಿ ಗೊತ್ತಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡೆರಿಕ್ ಟೇಲರ್ ಎಂಬ ಎಂಜಿನಿಯರ್ ಸನಿಕೆ ಕೆಲಸವನ್ನು ಅಳೆಯಲು ಹೊರಟರು. ಒಂದು ಸಲಕ್ಕೆ ಸನಿಕೆಯಲ್ಲಿ ಸುಮಾರು 21 ಪೌಂಡ್, ಅಂದರೆ ಒಂಬತ್ತೂವರೆ ಕೆ.ಜಿ. ಇದ್ದರೆ ದಿನದ ಕೊನೆಗೆ ಅತಿ ಹೆಚ್ಚು ಸರಕು ಸಾಗುತ್ತದೆ ಎಂದು ಅವರು ತೀರ್ಮಾನಿಸಿದರು. ಕಾರ್ಮಿಕರನ್ನು ಯಂತ್ರದಂತೆ ಕಂಡರು ಎಂಬ ಆಕ್ಷೇಪ ಟೇಲರ್ ಅವರ ಮೇಲಿದೆ, ಆ ಆಕ್ಷೇಪ ನ್ಯಾಯವಾದದ್ದೇ. ಆದರೂ ಈ ಅಂಕಿಯಿಂದ ಕಲಿಯಬೇಕಾದದ್ದಿದೆ. ದುಡಿಮೆ ತಾನಾಗಿಯೇ ದಿನವಿಡೀ ತಾಳಬಹುದಾದ ಭಾರಕ್ಕೆ ಇಳಿದು ನಿಲ್ಲುತ್ತದೆ. ಬಲ ಬೆಳೆಯುವುದು ಕೆಲವೇ ಬಾರಿ ಎತ್ತಬಲ್ಲಂಥ ಭಾರದಿಂದ. ಹೀಗಾಗಿ ಮೊದಲ ಕೆಲವು ವಾರ ಮೈ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಅದೇ ಕೆಲಸವನ್ನು ಎಷ್ಟು ಮಾಡಿದರೂ ತಾಳಿಕೆ ಹೆಚ್ಚುತ್ತದೆ, ಬಲ ಇದ್ದಲ್ಲೇ ಇರುತ್ತದೆ.

ಅದೇ ಟೇಲರ್ 92 ಪೌಂಡ್ ತೂಕದ, ಅಂದರೆ ಹತ್ತಿರ ಹತ್ತಿರ 42 ಕೆ.ಜಿ.ಯ ಕಬ್ಬಿಣದ ಗಟ್ಟಿಗಳನ್ನು ಹೊರುವ ಕೆಲಸದ ಬಗ್ಗೆಯೂ ಒಂದು ಲೆಕ್ಕ ಕೊಟ್ಟಿದ್ದಾರೆ. ಅತ್ಯಂತ ಸಮರ್ಥ ಆಳು ಕೂಡ ದಿನದ ಶೇ 43ರಷ್ಟು ಹೊತ್ತು ಮಾತ್ರ ಭಾರದ ಕೆಳಗೆ ಇರಬಲ್ಲ, ಉಳಿದ ಶೇ 57ರಷ್ಟು ಹೊತ್ತು ಅವನ ಮೈ ಭಾರದಿಂದ ಮುಕ್ತವಾಗಿರಲೇಬೇಕು ಎಂಬುದು ಆ ಲೆಕ್ಕ. ಬಿಡುವಿಲ್ಲದೆ ದುಡಿಯುವುದನ್ನೇ ಹೆಚ್ಚುಗಾರಿಕೆ ಎಂದುಕೊಂಡವರು ಇದನ್ನು ಗಮನಿಸಬೇಕು. ಕಸರತ್ತು ಮಾಡುವವರಿಗೆ ಆಗುವ ಹೃದಯದ ಲಾಭ ದಿನವಿಡೀ ಮೈಮುರಿದು ದುಡಿಯುವವರಿಗೆ ಅಷ್ಟಾಗಿ ಆಗುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಸಂಶೋಧಕರು ಇದನ್ನು ದೈಹಿಕ ಚಟುವಟಿಕೆಯ ವಿರೋಧಾಭಾಸ ಎಂದೇ ಕರೆಯುತ್ತಾರೆ. ಬಡತನ, ಆಹಾರ, ಚಿಕಿತ್ಸೆಯ ಕೊರತೆಗಳೂ ಇದರಲ್ಲಿ ಬೆರೆತಿರುವುದರಿಂದ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಗಂಟೆಗಟ್ಟಲೆ ಒಂದೇ ಭಂಗಿ, ಸಾಲದ ವಿಶ್ರಾಂತಿ, ಕೆಲಸದ ವೇಗ ತನ್ನ ಕೈಯಲ್ಲಿ ಇಲ್ಲದಿರುವುದು, ಇವು ಮೈಗೆ ಭಾರವಾಗುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನೊಂದು ತೊಂದರೆ ಒಂದೇ ಮಗ್ಗುಲಿನ ದುಡಿತ. ಬಹುತೇಕ ಎಲ್ಲರೂ ಸನಿಕೆ, ಗುದ್ದಲಿ, ಕೊಡಲಿಗಳನ್ನು ಒಂದೇ ಕೈ ಮುಂದಿಟ್ಟು ಹಿಡಿಯುತ್ತಾರೆ, ಒಂದೇ ದಿಕ್ಕಿಗೆ ತಿರುಗಿ ಮಣ್ಣು ಎಸೆಯುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಮೊದಮೊದಲು ಏಟು ಎಲ್ಲೆಲ್ಲೋ ಬೀಳುತ್ತದೆ, ಕೆಲಸ ನಿಧಾನವಾಗುತ್ತದೆ. ಕೆಲವು ದಿನಗಳಲ್ಲಿ ಅದೂ ರೂಢಿಯಾಗುತ್ತದೆ. ಮಣ್ಣು ಎಸೆಯುವಾಗ ಪಾದ ನೆಟ್ಟು ಸೊಂಟ ತಿರುಚುವ ಬದಲು ಪಾದವನ್ನೂ ಆ ಕಡೆಗೆ ತಿರುಗಿಸಿ. ಮಣ್ಣಿನಲ್ಲಿ ಕೆಲಸ ಮಾಡುವವರು ಧನುರ್ವಾಯು ಚುಚ್ಚುಮದ್ದನ್ನೂ ಮರೆಯಬಾರದು. ಹಲವು ದೇಶಗಳಲ್ಲಿ ಹತ್ತು ವರ್ಷಕ್ಕೊಮ್ಮೆ ಅದನ್ನು ಮತ್ತೆ ಹಾಕಿಸಿಕೊಳ್ಳಲು ಸಲಹೆ ನೀಡುತ್ತಾರೆ.

ಬಾರ್‌ಬೆಲ್ಲಿನ ಬಲವೇ ಅದರ ಅಳತೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡೆಲಾರ್ಮ್ ಎಂಬ ವೈದ್ಯರು ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಮತ್ತೆ ಬಲ ತರಲು ಹಗುರ ವ್ಯಾಯಾಮದ ಬದಲು ಭಾರ ಎತ್ತಿಸಲು ಶುರುಮಾಡಿದರು. ಹತ್ತು ಬಾರಿ ಮಾತ್ರ ಎತ್ತಬಲ್ಲ ಭಾರ ಎಷ್ಟೆಂದು ಕಂಡುಕೊಳ್ಳುವುದು, ಅದರ ಆಧಾರದ ಮೇಲೆ ಅಭ್ಯಾಸ ಕಟ್ಟುವುದು, ಬಲ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸುವುದು, ಇದು ಅವರ ಕ್ರಮ. 1945ರಲ್ಲಿ ಅವರು ಪ್ರಕಟಿಸಿದ ಈ ವಿಧಾನದ ತಳಹದಿಯ ಮೇಲೆಯೇ ಇಂದಿನ ಬಹುಪಾಲು ಬಲತರಬೇತಿ ನಿಂತಿದೆ.

ಬಾರ್‌ಬೆಲ್ಲಿನ ದೊಡ್ಡ ಗುಣ ಇದೇ. ಇಂದು ಅರವತ್ತು ಕೆ.ಜಿ., ಮುಂದಿನ ವಾರ ಅರವತ್ತೆರಡೂವರೆ. ಎಷ್ಟು ಹೆಚ್ಚಾಯಿತು, ಎಲ್ಲಿ ನಿಂತಿತು ಎಂಬುದು ಪುಸ್ತಕದಲ್ಲಿ ಕಾಣುತ್ತದೆ. ಮೂಟೆ, ಕಲ್ಲುಗಳಲ್ಲಿ ಈ ನಯ ಇಲ್ಲ. ಸ್ಕ್ವಾಟ್ (ಭಾರವನ್ನು ಹೆಗಲ ಮೇಲೆ ಹೊತ್ತು ಕುಕ್ಕರಿಸಿ ಏಳುವುದು) ಮತ್ತು ಡೆಡ್‌ಲಿಫ್ಟುಗಳಷ್ಟು (ಭಾರವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು) ವೇಗವಾಗಿ ಕಾಲು, ಸೊಂಟ, ಬೆನ್ನಿಗೆ ಅಪ್ಪಟ ಬಲ ತುಂಬುವ ಅಭ್ಯಾಸ ನನಗೆ ಬೇರೆ ಗೊತ್ತಿಲ್ಲ. ದುಡಿದು ಬೆನ್ನು ನೋಯಿಸಿಕೊಂಡವರು ಜಿಮ್ಮೆಂದರೆ ಹೆದರುತ್ತಾರೆ. ಆದರೆ ಎಲ್ಲವೂ ಲೆಕ್ಕದಲ್ಲಿರುವ, ಭಾರ ಮೈಗೆ ಒತ್ತಿಕೊಂಡೇ ಏರಿಳಿಯುವ ಆ ಜಾಗ ಎಷ್ಟೋ ಸಲ ಹೊಲಕ್ಕಿಂತ ಸುರಕ್ಷಿತ.

ಕೊರತೆ ಎಲ್ಲಿದೆ? ಭಾರ ಎರಡೂ ಕಡೆ ಸಮ, ಹಿಡಿ ಉರುಟು, ನೆಲ ಸಮತಟ್ಟು, ಪ್ರತಿ ಸುತ್ತಿನ ನಂತರ ಎರಡು ಮೂರು ನಿಮಿಷ ಬಿಡುವು, ಎತ್ತಿದ ಭಾರ ಎತ್ತಿದಲ್ಲೇ ಕೆಳಗಿಳಿಯುತ್ತದೆ. ಭಾರ ಎತ್ತಿಕೊಂಡು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆದರೆ ನಿಜವಾದ ಕೆಲಸದಲ್ಲಿ ಎತ್ತುವುದು ಶುರು ಮಾತ್ರ. ಎತ್ತಿದ್ದನ್ನು ಇನ್ನೊಂದೆಡೆಗೆ ಸಾಗಿಸಬೇಕು, ಮೆಟ್ಟಿಲು ಹತ್ತಿಸಬೇಕು, ಗಾಡಿಗೆ ಏರಿಸಬೇಕು. ಈ ಅಂತರವನ್ನು ತುಂಬುವುದೇ ಮೂರನೆಯ ದಾರಿ.

ಮರಳು ಚೀಲ, ಬಕೆಟ್, ಕಲ್ಲು: ಹೊಲವನ್ನು ಅಳತೆಗೆ ತರುವುದು

ಕೆಲಸದ ಭಾರವನ್ನೇ ಬಲಪರೀಕ್ಷೆಗೆ ಬಳಸುವುದು ಹಳೆಯ ರೂಢಿ. ಐಸ್‌ಲ್ಯಾಂಡಿನ ಹೂಸಾಫೆಲ್ ಎಂಬಲ್ಲಿ ಕಲ್ಲಿನ ದೊಡ್ಡಿಯ ಪಕ್ಕದಲ್ಲಿ 186 ಕೆ.ಜಿ. ತೂಕದ ಚಪ್ಪಟೆ ಕಲ್ಲೊಂದಿದೆ. ಅದನ್ನು ಎದೆಗೆ ಅಪ್ಪಿಕೊಂಡು ದೊಡ್ಡಿಯನ್ನು ಒಂದು ಸುತ್ತು ಬರುವುದು ಅಲ್ಲಿನ ಹಳೆಯ ಸವಾಲು. 1977ರಲ್ಲಿ ಶುರುವಾದ ‘ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್’ ಸ್ಪರ್ಧೆಯಲ್ಲಿ ಕಲ್ಲು ಎತ್ತುವುದು, ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು ಕಾಯಂ ಪಂದ್ಯಗಳಾಗಿವೆ. ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದಕ್ಕೆ ಜಗತ್ತಿನಾದ್ಯಂತ ‘ಫಾರ್ಮರ್ಸ್ ವಾಕ್’ ಎಂಬ ಹೆಸರೇ ನಿಂತಿದೆ.

ನಮಗೆ ಅಂಥ ಕಲ್ಲು ಬೇಕಾಗಿಲ್ಲ. ಒಂದೇ ಒಂದು ಸಾಧನ ಇಟ್ಟುಕೊಳ್ಳಿ ಎಂದರೆ ನಾನು ಮರಳು ಚೀಲವನ್ನು ಹೇಳುತ್ತೇನೆ. ಒಣ ಮರಳು ಲೀಟರಿಗೆ ಸುಮಾರು 1.6 ಕೆ.ಜಿ. ತೂಗುತ್ತದೆ. ಹದಿನಾರು ಲೀಟರ್ ಮರಳೆಂದರೆ ಸುಮಾರು ಇಪ್ಪತ್ತೈದು ಕೆ.ಜಿ. ಆಯಿತು, ಗಟ್ಟಿ ಚೀಲ ಅದಕ್ಕಿಂತ ದೊಡ್ಡದಿರಲಿ. ಮರಳನ್ನು ಮೊದಲು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ ಐದೈದು ಕೆ.ಜಿ.ಯಂತೆ ತೂಗಿ ಬಿಗಿಯಾಗಿ ಕಟ್ಟಿ, ಅವನ್ನು ಗೋಣಿಗೋ ಕ್ಯಾನ್ವಾಸ್ ಚೀಲಕ್ಕೋ ತುಂಬಿ. ಭಾರ ಹೆಚ್ಚಿಸಬೇಕಾದಾಗ ಒಂದು ಪೊಟ್ಟಣ ಸೇರಿಸಿದರಾಯಿತು, ಮರಳೂ ಸೋರುವುದಿಲ್ಲ. ಚೀಲವನ್ನು ಕಂಠದವರೆಗೆ ತುಂಬಬೇಡಿ. ಒಳಗೆ ಜಾಗವಿದ್ದರೆ ಮರಳು ಅತ್ತಿತ್ತ ಜಾರುತ್ತದೆ, ಜಾರಿದಷ್ಟೂ ಹಿಡಿಯುವುದು ಕಷ್ಟವಾಗುತ್ತದೆ. ನಮಗೆ ಬೇಕಾದದ್ದೂ ಆ ಕಷ್ಟವೇ. ಬಾರ್‌ಬೆಲ್ ಎತ್ತುವವರು ತಮ್ಮ ಡೆಡ್‌ಲಿಫ್ಟಿನ ಅರ್ಧದಷ್ಟು ತೂಕದ ಚೀಲಕ್ಕೂ ಏದುಸಿರು ಬಿಡುವುದು ಇದೇ ಕಾರಣಕ್ಕೆ.

ಎತ್ತುವ ಬಗೆಯನ್ನು ಸಾವಧಾನವಾಗಿ ಕಲಿಯಬೇಕು. ಚೀಲ ಎರಡೂ ಪಾದಗಳ ನಡುವೆ ಉದ್ದಕ್ಕೆ ಬಿದ್ದಿರಲಿ, ಅದರ ಎರಡೂ ಪಕ್ಕಗಳು ಕಣಕಾಲುಗಳಿಗೆ ತಾಗುವಷ್ಟು ಹತ್ತಿರ. ಸೊಂಟವನ್ನು ಹಿಂದಕ್ಕೆ ತಳ್ಳಿ, ಮೊಣಕಾಲು ಮಡಚಿ ಕೆಳಗಿಳಿಯಿರಿ. ಬೆರಳುಗಳನ್ನು ಚೀಲದ ತಳಕ್ಕೆ ತೂರಿಸಿ, ಮುಂಗೈಗಳಿಂದ ಅಪ್ಪಿ ಹಿಡಿಯಿರಿ. ಉಸಿರು ತುಂಬಿಕೊಂಡು ಹೊಟ್ಟೆ ಬಿಗಿಮಾಡಿ ಮೇಲೆತ್ತಿ, ಆದರೆ ನೇರ ಎದೆಯವರೆಗೆ ಎಳೆಯಲು ಹೋಗಬೇಡಿ. ಮೊದಲು ತೊಡೆಯ ಮೇಲೆ ಕೂರಿಸಿಕೊಳ್ಳಿ. ಅಲ್ಲಿ ಒಂದು ಕ್ಷಣ ನಿಂತು, ಕೈಗಳನ್ನು ಇನ್ನಷ್ಟು ಒಳಕ್ಕೆ ಸರಿಸಿ, ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಸೊಂಟವನ್ನು ಮುಂದಕ್ಕೆ ಚಿಮ್ಮಿಸಿ ನಿಲ್ಲಿರಿ. ಹೆಗಲಿಗೆ ಏರಿಸುವುದಾದರೆ ಇದೇ ಚಿಮ್ಮುವಿಕೆಯ ಬಲದಲ್ಲಿ ಏರಿಸಬೇಕು. ಒಮ್ಮೆ ಬಲ ಹೆಗಲು, ಮುಂದಿನ ಸಲ ಎಡ ಹೆಗಲು.

ಮೈಗೆ ಒತ್ತಿ ಹಿಡಿಯಿರಿ ಎಂದು ಒತ್ತಿ ಹೇಳುವುದಕ್ಕೆ ಲೆಕ್ಕದ ಆಧಾರವಿದೆ. ಕೆಲಸದ ಸ್ಥಳಗಳ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಸಂಸ್ಥೆ ನಿಯೋಶ್ ಕೈಯಿಂದ ಭಾರ ಎತ್ತುವುದಕ್ಕೆ ಒಂದು ಸೂತ್ರ ರೂಪಿಸಿದೆ. ಎಲ್ಲವೂ ಅನುಕೂಲವಾಗಿರುವಾಗ ಅದು ಶಿಫಾರಸು ಮಾಡುವ ಮಿತಿ 23 ಕೆ.ಜಿ. ಕೈಗಳು ಕಣಕಾಲಿನಿಂದ ಮುಂದಕ್ಕೆ 25 ಸೆಂ.ಮೀ. ಒಳಗಿದ್ದರೆ ಆ ಮಿತಿ ಹಾಗೆಯೇ ಉಳಿಯುತ್ತದೆ. ಅದೇ ಭಾರವನ್ನು 50 ಸೆಂ.ಮೀ. ದೂರದಲ್ಲಿ ಹಿಡಿದರೆ ಮಿತಿ ಅರ್ಧಕ್ಕೆ, ಅಂದರೆ ಹನ್ನೊಂದೂವರೆ ಕೆ.ಜಿ.ಗೆ ಇಳಿಯುತ್ತದೆ. ಮೈ ತಿರುಚಿ ಎತ್ತಿದರೆ, ತೀರಾ ಕೆಳಗಿನಿಂದ ಎತ್ತಿದರೆ, ಹಿಡಿತ ಸರಿಯಿಲ್ಲದಿದ್ದರೆ, ಮತ್ತೆ ಮತ್ತೆ ಎತ್ತಿದರೆ ಇನ್ನೂ ಕಡಿಮೆಯಾಗುತ್ತದೆ. ಇದು ದಿನವಿಡೀ ಕೆಲಸ ಮಾಡುವವರ ಬೆನ್ನು ಕಾಯಲು ಮಾಡಿದ ಸೂತ್ರ. ವಾರಕ್ಕೆರಡು ಸಲ, ಸಾಕಷ್ಟು ಬಿಡುವಿನೊಂದಿಗೆ ಅಭ್ಯಾಸ ಮಾಡುವವರು ಇದಕ್ಕಿಂತ ಹೆಚ್ಚು ಎತ್ತಬಹುದು. ಆದರೆ ದೂರ ಹೆಚ್ಚಿದಂತೆ ಬೆನ್ನಿನ ಮೇಲಿನ ಹೊರೆ ಹೆಚ್ಚುವ ನಿಯಮ ಇಬ್ಬರಿಗೂ ಒಂದೇ.

ಎತ್ತುವುದಕ್ಕಿಂತಲೂ ನಾನು ಹೆಚ್ಚು ಬೆಲೆ ಕೊಡುವುದು ಹೊರುವುದಕ್ಕೆ. ಎರಡು ಬಕೆಟ್ಟುಗಳಿಗೆ ನೀರು ತುಂಬಿ ಹಿಡಿದು ನಡೆಯುವುದು ಯಾರು ಬೇಕಾದರೂ ಇಂದೇ ಶುರುಮಾಡಬಹುದಾದ ಅಭ್ಯಾಸ. ಒಂದು ಲೀಟರ್ ನೀರು ಒಂದು ಕೆ.ಜಿ., ಲೆಕ್ಕವೂ ಸುಲಭ. ನೀರು ತುಳುಕದಂತೆ ನಡೆಯಬೇಕೆಂದರೆ ಸೊಂಟ ಅಲುಗಾಡಬಾರದು, ಹೆಜ್ಜೆ ಚಿಕ್ಕದಾಗಿರಬೇಕು. ನಡಿಗೆ ಕೆಟ್ಟರೆ ನೆಲ ಒದ್ದೆಯಾಗಿ ತಾನೇ ಹೇಳುತ್ತದೆ. ಇನ್ನು ಒಂದೇ ಬಕೆಟ್ ಹಿಡಿದು ನಡೆದು ನೋಡಿ. ಭಾರ ಅರ್ಧವಾದರೂ ಕೆಲಸ ಸುಲಭವಾಗುವುದಿಲ್ಲ, ಏಕೆಂದರೆ ಮೈ ಒಂದು ಕಡೆಗೆ ವಾಲದಂತೆ ಎದುರು ಮಗ್ಗುಲಿನ ಸ್ನಾಯುಗಳು ಎಡೆಬಿಡದೆ ಎಳೆದು ಹಿಡಿಯಬೇಕು. ಚೀಲ, ಕೊಡ, ಮಗು, ಗ್ಯಾಸ್ ಸಿಲಿಂಡರ್ ಹೀಗೆ ಬದುಕಿನಲ್ಲಿ ನಾವು ಹೊರುವ ಬಹುಪಾಲು ಭಾರ ಒಂದೇ ಮಗ್ಗುಲಿನದು. ಆದ್ದರಿಂದ ಒಂಟಿ ಬಕೆಟ್ಟಿನ ನಡಿಗೆಯನ್ನು ಬಿಡಲೇಬೇಡಿ.

ಈ ದಾರಿಗೂ ಮಿತಿಯಿದೆ. ಐದು ಕೆ.ಜಿ.ಯ ಪೊಟ್ಟಣ ಸೇರಿಸುವುದೆಂದರೆ ಒಮ್ಮೆಗೇ ದೊಡ್ಡ ಜಿಗಿತ, ಬಾರ್‌ಬೆಲ್ಲಿನ ಎರಡೂವರೆ ಕೆ.ಜಿ.ಯ ಸಣ್ಣ ಮೆಟ್ಟಿಲು ಇಲ್ಲಿಲ್ಲ. ಎಂಬತ್ತು, ನೂರು ಕೆ.ಜಿ. ಮೀರಿದ ಮೇಲೆ ಚೀಲವೂ ಬಾಳುವುದಿಲ್ಲ, ಎತ್ತುವ ಬಗೆಯೂ ಕೆಡುತ್ತದೆ. ಕಾಲಿನ ಅಪ್ಪಟ ಬಲವನ್ನು ಇನ್ನೂ ಮೇಲಕ್ಕೆ ಒಯ್ಯಬೇಕೆನ್ನುವವರು ಆ ಹಂತದಲ್ಲಿ ಬಾರ್‌ಬೆಲ್ಲಿಗೆ ಹೋಗುವುದೇ ಸರಿ.

ಉಳಿದ ಆಯ್ಕೆಗಳು

ಕೆಟಲ್‌ಬೆಲ್ ಎಂದರೆ ಮೇಲೆ ಹಿಡಿಯಿರುವ ಕಬ್ಬಿಣದ ಗುಂಡು. ಅದು ಹುಟ್ಟಿದ್ದು ರಷ್ಯಾದಲ್ಲಿ, ಧಾನ್ಯ ತೂಗುವ ಬಟ್ಟಾಗಿ. ಅಲ್ಲಿನ ಹಳೆಯ ಅಳತೆಯಾದ ಒಂದು ಪೂಡ್ ಎಂದರೆ 16.38 ಕೆ.ಜಿ.; ಇಂದಿಗೂ 16, 24, 32 ಕೆ.ಜಿ.ಯ ಕೆಟಲ್‌ಬೆಲ್ಲುಗಳು ಮಾರಾಟವಾಗುವುದು ಅದೇ ಲೆಕ್ಕದಲ್ಲಿ. ಜಾಗ ಕಡಿಮೆ ಇರುವವರಿಗೆ ಇದು ಉತ್ತಮ. ಸೊಂಟದಿಂದ ಚಿಮ್ಮಿಸುವ ಶಕ್ತಿ, ಹಿಡಿತ, ಉಸಿರಿನ ತಾಳಿಕೆ ಮೂರನ್ನೂ ಒಟ್ಟಿಗೆ ಬೆಳೆಸುತ್ತದೆ. ಆದರೆ ಬೀಸುವುದನ್ನು ಬಲ್ಲವರ ಎದುರಿನಲ್ಲಿ ಕಲಿಯಬೇಕು.

ದೊಡ್ಡ ಸುತ್ತಿಗೆಯಿಂದ ಹಳೆಯ ಟೈರಿಗೆ ಬಡಿಯುವುದು ಸೌದೆ ಒಡೆಯುವುದಕ್ಕೆ ಹತ್ತಿರದ ಅಭ್ಯಾಸ. ತಾಳಿಕೆಗೆ ಒಳ್ಳೆಯದು, ಬಲಕ್ಕೆ ಅಷ್ಟಕ್ಕಷ್ಟೆ. ಟೈರು ಸುತ್ತಿಗೆಯನ್ನು ಪುಟಿಸುತ್ತದೆ, ಎಚ್ಚರ. ದಂಡ, ಬೈಠಕ್, ಪುಲ್‌ಅಪ್‌ಗಳಂಥ ಬರಿಮೈ ಕಸರತ್ತು ಹೆಗಲು ಮತ್ತು ತೋಳುಗಳಿಗೆ ಚೆನ್ನಾಗಿ ಒದಗುತ್ತದೆ. ಆದರೆ ನೆಲದಿಂದ ಭಾರ ಎತ್ತುವ ಬಲವನ್ನು ಅದು ಬೆಳೆಸಲಾರದು. ಇವೆರಡನ್ನೂ ಪೂರಕವಾಗಿ ಇಟ್ಟುಕೊಳ್ಳಿ.

ಯಾರಿಗೆ ಯಾವುದು

ದಿನವಿಡೀ ಕುಳಿತು ಕೆಲಸ ಮಾಡುವವರು ಮೂರನೆಯ ದಾರಿಯಿಂದಲೇ ಶುರುಮಾಡಲಿ. ವಾರಕ್ಕೆರಡು ದಿನ, ನಡುವೆ ಎರಡು ದಿನದ ಬಿಡುವು. ಪ್ರತಿ ಸಲ ಚೀಲವನ್ನು ತೊಡೆಗೆ, ಅಲ್ಲಿಂದ ಎದೆಗೆ ಎತ್ತುವುದು ಐದೈದು ಬಾರಿಯ ಮೂರು ಸುತ್ತು. ಚೀಲ ಅಪ್ಪಿಕೊಂಡು ಮೂವತ್ತು ನಲವತ್ತು ಮೀಟರ್ ನಡೆಯುವುದು ನಾಲ್ಕು ಸಲ. ಬಕೆಟ್ ನಡಿಗೆ ಎರಡೂ ಕೈಯಲ್ಲಿ ಎರಡು ಸಲ, ಒಂದೊಂದು ಕೈಯಲ್ಲಿ ಎರಡೆರಡು ಸಲ. ಜೊತೆಗೆ ದಂಡ. ಎಲ್ಲ ಸೇರಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಷ್ಟು ಇದರಲ್ಲಿ ಆಯಿತು. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಎಂದು ಅದೇ ಮಾರ್ಗಸೂಚಿ ಹೇಳುವ ಪಾಲನ್ನು ನಡಿಗೆಯಿಂದಲೋ ತೋಟದ ಕೆಲಸದಿಂದಲೋ ತುಂಬಿಕೊಳ್ಳಬಹುದು.

ದುಡಿಮೆಯೇ ಬದುಕಾಗಿರುವವರಿಗೆ ನನ್ನ ಸಲಹೆ ತದ್ವಿರುದ್ಧ. ಅವರು ಇನ್ನಷ್ಟು ಹೊರುವುದು, ಇನ್ನಷ್ಟು ಅಗೆಯುವುದು ಬೇಡ. ತಾಳಿಕೆ, ಹಿಡಿತ ಅವರಲ್ಲಿ ಈಗಾಗಲೇ ಇದೆ. ಇಲ್ಲದಿರುವುದು ಭಾರೀ ತೂಕದ ಅಭ್ಯಾಸ ಮತ್ತು ವಿಶ್ರಾಂತಿ. ಕೆಲಸ ಹಗುರವಾಗಿರುವ ದಿನ ನೋಡಿಕೊಂಡು, ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಬಾರ್‌ಬೆಲ್ ಸಾಕು: ಸ್ಕ್ವಾಟ್ ಅಥವಾ ಡೆಡ್‌ಲಿಫ್ಟ್, ಒಂದು ತಳ್ಳುವ ಅಭ್ಯಾಸ, ಒಂದು ಎಳೆಯುವ ಅಭ್ಯಾಸ, ಐದೈದು ಬಾರಿಯ ಎರಡು ಮೂರು ಸುತ್ತು, ಸುಸ್ತಾಗುವ ಮೊದಲೇ ನಿಲ್ಲಿಸುವುದು. ನೂರು ಕೆ.ಜಿ. ಎತ್ತಬಲ್ಲ ಬೆನ್ನಿಗೆ ಇಪ್ಪತ್ತೈದು ಕೆ.ಜಿ.ಯ ಬುಟ್ಟಿ ಕಾಲು ಭಾಗ ಶ್ರಮ, ಐವತ್ತು ಕೆ.ಜಿ. ಮಾತ್ರ ಎತ್ತಬಲ್ಲ ಬೆನ್ನಿಗೆ ಅದೇ ಬುಟ್ಟಿ ಅರ್ಧ ಶ್ರಮ. ದಿನಕ್ಕೆ ನೂರಾರು ಬುಟ್ಟಿ ಎತ್ತುವವರಿಗೆ ಈ ವ್ಯತ್ಯಾಸ ದೊಡ್ಡದು. ದುಡಿಯುವವರಿಗೆ ವ್ಯಾಯಾಮ ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ಐವತ್ತು ದಾಟಿದವರು ಬಕೆಟ್ ನಡಿಗೆ ಮತ್ತು ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸದಿಂದ ಆರಂಭಿಸಿ, ಚೀಲಕ್ಕೆ ನಿಧಾನವಾಗಿ ಬರಲಿ. ಚೀಲವನ್ನು ನೆಲದ ಬದಲು ಮೊಣಕಾಲೆತ್ತರದ ಕಟ್ಟೆಯಿಂದ ಎತ್ತಿದರೆ ಕಲಿಕೆ ಸುಲಭ. ರಕ್ತದೊತ್ತಡ, ಹೃದ್ರೋಗ, ಅಂಡವಾಯು, ಮೂಳೆ ಸವೆತ ಇರುವವರು ವೈದ್ಯರನ್ನು ಕಾಣದೆ ಭಾರಕ್ಕೆ ಕೈ ಹಾಕಬಾರದು. ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ಅಂಥವರು ಉಸಿರು ಬಿಡುತ್ತಾ ಎತ್ತುವಷ್ಟು ಹಗುರವಾದ ಭಾರವನ್ನೇ ಇಟ್ಟುಕೊಳ್ಳಲಿ.

ವಾರವೆಲ್ಲ ಕುಳಿತು, ಭಾನುವಾರ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿ ಮೈಮುರಿದು ದುಡಿಯುವವರೂ ಇದ್ದಾರೆ. ನನಗೆ ಹೆಚ್ಚು ಕಳವಳ ಇವರ ಬಗ್ಗೆಯೇ. ಆರು ದಿನ ಮಲಗಿದ ಸ್ನಾಯುಗಳ ಮೇಲೆ ಏಳನೆಯ ದಿನ ಎಂಟು ಗಂಟೆಯ ಅಗೆತ ಹೇರುವುದು ಬಲಕ್ಕೂ ಆರೋಗ್ಯಕ್ಕೂ ದಾರಿಯಲ್ಲ. ವಾರದ ನಡುವೆ ಎರಡು ಸಲ ಚೀಲ, ಬಕೆಟ್ ಅಭ್ಯಾಸ ಇದ್ದರೆ ಮಾತ್ರ ಭಾನುವಾರದ ಅಗೆತ ಮೈಗೆ ಹಿಡಿಸುತ್ತದೆ. ಅದೂ ಒಂದೂವರೆ ಎರಡು ಗಂಟೆಗಳ ತುಣುಕುಗಳಲ್ಲಿ.

ಶುರು ಎಷ್ಟರಿಂದ, ಏರಿಕೆ ಹೇಗೆ

ಚೀಲವಾದರೆ ನಿಮ್ಮ ತೂಕದ ನಾಲ್ಕನೇ ಒಂದು ಭಾಗ, ಬಕೆಟ್ಟುಗಳೆರಡೂ ಸೇರಿದರೂ ಅಷ್ಟೇ. ಮೊದಲ ಒಂದೆರಡು ತಿಂಗಳಲ್ಲಿ ಬಲ ಬೇಗ ಹೆಚ್ಚುತ್ತದೆ, ಏಕೆಂದರೆ ಇರುವ ಸ್ನಾಯುಗಳನ್ನೇ ಚೆನ್ನಾಗಿ ಬಳಸುವುದನ್ನು ನರಗಳು ಕಲಿಯುತ್ತವೆ. ಸ್ನಾಯು ದಪ್ಪವಾಗುವುದು ಆಮೇಲೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಗಟ್ಟಿಯಾಗುವುದು ಇನ್ನೂ ನಿಧಾನ, ಅದಕ್ಕೆ ತಿಂಗಳುಗಳೇ ಬೇಕು. ಮೂರನೆಯ ತಿಂಗಳ ಹುರುಪಿನಲ್ಲಿ ಭಾರವನ್ನು ದುಪ್ಪಟ್ಟು ಮಾಡಿದವರ ಮೊಣಕೈ, ಹೆಗಲು ನೋಯುವುದು ಇದರಿಂದಲೇ. ನಿಗದಿ ಮಾಡಿದ್ದಕ್ಕಿಂತ ಒಂದೆರಡು ಬಾರಿ ಹೆಚ್ಚು ಎತ್ತಲು ಸಾಧ್ಯವಾದಾಗ ಭಾರವನ್ನು ಶೇ 2ರಿಂದ 10ರಷ್ಟು ಏರಿಸಿ ಎಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೇಳುತ್ತದೆ. ಚೀಲದಲ್ಲಿ ಇಷ್ಟು ಸಣ್ಣ ಏರಿಕೆ ಕಷ್ಟ. ಹಾಗಾಗಿ ಮೊದಲು ನಡೆಯುವ ದೂರ ಹೆಚ್ಚಿಸಿ, ನಂತರ ಬಾರಿ ಹೆಚ್ಚಿಸಿ, ಕೊನೆಗೆ ಪೊಟ್ಟಣ ಸೇರಿಸಿ.

ಬಿಸಿಲಿನಲ್ಲಿ ಕೆಲಸ ಮಾಡುವುದಾದರೆ ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಹೊಸಬರಿಗೆ ನಿಯೋಶ್ ಸಂಸ್ಥೆಯ ಸಲಹೆ ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಭಾಗ, ಆಮೇಲೆ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತಾ ಹೋಗುವುದು.

ಹೊಸ ಕೆಲಸದ ಮೈಕೈ ನೋವು ಒಂದರಿಂದ ಮೂರು ದಿನಗಳ ನಡುವೆ ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಕೀಲಿನೊಳಗಿನ ಚುಚ್ಚು ನೋವು, ಬೆನ್ನಿನಿಂದ ಕಾಲಿಗೆ ಹರಿಯುವ ನೋವು, ಬೆರಳು ಜೋಮು ಹಿಡಿಯುವುದು ಬೇರೆ ಮಾತು. ಅಲ್ಲಿಗೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಅತಿಯಾಗಿ ದುಡಿದ ನಂತರ ಸ್ನಾಯುಗಳು ಊದಿಕೊಂಡು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯ ತರುವ ಸ್ಥಿತಿ, ನೇರ ಆಸ್ಪತ್ರೆಗೆ ಹೋಗಬೇಕು.

ಯಾವ ದಾರಿ ಹಿಡಿದರೂ ಒಂದು ಪುಸ್ತಕದಲ್ಲಿ ಮೂರು ಅಂಕಿ ಬರೆದಿಡಿ: ನಿಮ್ಮ ತೂಕದ ಅರ್ಧದಷ್ಟು ಭಾರವನ್ನು ಎರಡೂ ಕೈಗಳಿಗೆ ಹಂಚಿಕೊಂಡು ಎಷ್ಟು ದೂರ ನಡೆಯಬಲ್ಲಿರಿ, ನೆಲದಿಂದ ಎದೆಗೆ ಐದು ಬಾರಿ ಎತ್ತಬಲ್ಲ ಚೀಲ ಎಷ್ಟು ಕೆ.ಜಿ., ಕುರ್ಚಿಯಿಂದ ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಎದ್ದು ಕೂರಬಲ್ಲಿರಿ. ಮೊದಲ ಅಂಕಿಗೆ ಬೇಕಾದ ಭಾರ ಈಗಲೇ ಹೊರಲಾಗದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ಅಭ್ಯಾಸ ಅಲ್ಲಿಗೆ ಮುಟ್ಟಿದ ದಿನ ತುಂಬಿ. ಎಂಟು ವಾರಕ್ಕೊಮ್ಮೆ ಮತ್ತೆ ನೋಡಿ. ಮೂರೂ ಏರಿದ್ದರೆ ಏನನ್ನೂ ಬದಲಿಸಬೇಡಿ. ದೂರ ಏರಿ ಚೀಲದ ತೂಕ ನಿಂತಿದ್ದರೆ ವಾರದ ಒಂದು ದಿನವನ್ನು ಬಾರ್‌ಬೆಲ್ಲಿಗೆ ಕೊಡಿ. ಚೀಲ ಏರಿ ದೂರ ನಿಂತಿದ್ದರೆ ಬಕೆಟ್ ನಡಿಗೆ ಹೆಚ್ಚಿಸಿ. ಮೂರೂ ನಿಂತಲ್ಲೇ ನಿಂತಿದ್ದರೆ ಅಥವಾ ಇಳಿದಿದ್ದರೆ ಹೊಸದೇನನ್ನೂ ಸೇರಿಸುವ ಮೊದಲು ಎರಡು ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ, ನಿದ್ದೆ ಹೆಚ್ಚಿಸಿ, ಆಮೇಲೆ ಮತ್ತೊಮ್ಮೆ ಅಳೆಯಿರಿ.